ಸಂಘದ ಏಕೈಕ ಉದಯೋನ್ಮುಖ

ಲೇಖಕರ ಪ್ರಾಂತೀಯ ಸಂಘದಲ್ಲಿ ಸದಸ್ಯರಿಗೆ ಎರಡು ದರ್ಜೆಗಳಿವೆ. ಪುಸ್ತಕ ಅಚ್ಚಾಗದವರು ಉದಯೋನ್ಮುಖರು, ಅಚ್ಚಾದವರು ಪ್ರಬುದ್ಧರು. ಉದಯೋನ್ಮುಖರನ್ನು ಬೆಳೆಸಲೆಂದೇ ಸರ್ಕಾರ ಸಂಘಕ್ಕೆ ಅನುದಾನ ಕೊಡುತ್ತದೆ. ಬೆಳೆಸುವುದಕ್ಕೆ ಪ್ರಬುದ್ಧರು ಧಾರಾಳವಾಗಿದ್ದರು. ಬೆಳೆಯುವುದಕ್ಕೆ ಇದ್ದವರು ನಾಯಿ ಡಾಕ್ಟರರೊಬ್ಬರೇ.

ಡಾಕ್ಟರರ ಕಾದಂಬರಿ ಮುಗಿದು ಬಹಳ ಕಾಲವಾಗಿತ್ತು. ಆದರೆ ಅದು ಅಚ್ಚಾದರೆ ಅವರು ಪ್ರಬುದ್ಧರಾಗಿಬಿಡುತ್ತಾರೆ, ಅನುದಾನ ನಿಲ್ಲುತ್ತದೆ, ಸಂಘದ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಪ್ರಬುದ್ಧರು ಸರದಿಯ ಪ್ರಕಾರ ಮಾರ್ಗದರ್ಶನ ಮಾಡಿದರು. ಒಬ್ಬರು ಕಥಾನಾಯಕನನ್ನು ಸಾಯಿಸಿದರು, ಮುಂದಿನವರು ಬದುಕಿಸಿದರು. ಸಂಘದ ವಿಮರ್ಶಕರಂತೂ ತಮ್ಮ ನಾಯಿಗೆ ಇಂಜೆಕ್ಷನ್ ಕೊಡಿಸಲು ಬಂದು, ಅದು ಒಮ್ಮೆ ಕುಂಯ್ ಎನ್ನುವಷ್ಟರಲ್ಲಿ, ಮೊದಲ ಅಧ್ಯಾಯವನ್ನು ಕೊನೆಗೆ ಹಾಕಬೇಕೆಂದು ಹೇಳಿ ಹೋದರು.

ಪ್ರತಿ ಸಲವೂ ಕುಳಿತು ನಕಲು ಮಾಡುತ್ತಿದ್ದವಳು ಡಾಕ್ಟರರ ಅಕ್ಕ. ಒಂದು ದಿನ ಅವಳ ಸಹನೆ ಕೆಟ್ಟಿತು.

"ತಲೆ ಬೆಳ್ಳಗಾಯ್ತು, ನೀನಿನ್ನೂ ಉದಯ ಆಗ್ತಾನೇ ಇದ್ದೀಯಲ್ಲೋ. ಬೇಗ ಅಚ್ಚು ಹಾಕಿಸು. ಇಲ್ಲಾಂದ್ರೆ ಈ ಕಂತೆ ಒಯ್ದು ನಾಯಿಮರಿಗಳ ಕೆಳಗೆ ಹಾಸ್ತೀನಿ."

ಅಕ್ಕ ಬಾಯಿಮಾತಿಗೆ ಹೇಳುವವಳಲ್ಲ. ಮರಿಗಳು ಆಗಲೇ ಹುಟ್ಟಿದ್ದವು.

ಡಾಕ್ಟರರು ಅಧ್ಯಕ್ಷರನ್ನು ಬೇಡಿಕೊಂಡರು, ಕಾಲು ಹಿಡಿಯುವುದೊಂದು ಬಾಕಿ. ಬದಲಿ ಉದಯೋನ್ಮುಖರು ಸಿಕ್ಕರೆ ಅಚ್ಚಿಗೆ ಅಡ್ಡಿಯಿಲ್ಲವೆಂದು ಅಧ್ಯಕ್ಷರು ಕೃಪೆ ಮಾಡಿದರು. ಉದಯೋನ್ಮುಖರು ಬೇಕಾಗಿದ್ದಾರೆಂದು ಪ್ರಕಟಣೆ ಹೊರಟಿತು. ಬಂದ ಹುಡುಗ ಹುಡುಗಿಯರೆಲ್ಲ ಆಗಲೇ ಸ್ವಂತ ಖರ್ಚಿನಲ್ಲಿ ಒಂದೊಂದು ಪುಸ್ತಕ ತಂದು ಪ್ರಬುದ್ಧರಾಗಿ ಹೋಗಿದ್ದರು.

ತುರ್ತು ಸಭೆ ಸೇರಿತು. ಕಾರ್ಯದರ್ಶಿ ನಿಯಮ ಓದಿದರು: "ಕೃತಿಯೆಂದು ಪರಿಗಣಿಸಲು ಯೋಗ್ಯವಲ್ಲದ್ದು ಅಚ್ಚಾದರೂ ಅಚ್ಚಾದಂತಲ್ಲ." ಅಂದರೆ, ಪ್ರಬುದ್ಧರೊಬ್ಬರ ಪುಸ್ತಕಗಳನ್ನೆಲ್ಲ ಸಭೆ ಒಮ್ಮತದಿಂದ ತಳ್ಳಿಹಾಕಿದರೆ ಅವರು ತಾನಾಗಿ ಉದಯೋನ್ಮುಖರಾಗುತ್ತಾರೆ. ಅಧ್ಯಕ್ಷರು ಎದ್ದು, ಸಂಘಕ್ಕಾಗಿ ತಮ್ಮ ಗ್ರಂಥರಾಶಿಯನ್ನೇ ತ್ಯಾಗ ಮಾಡಲು ಸಿದ್ಧ ಎಂದರು. ಛೆ ಛೆ, ಬೇಡಿ ಸಾರ್ ಅನ್ನುತ್ತಾರೆಂದು ಸ್ವಲ್ಪ ಹೊತ್ತು ಕಾದರು.

ಯಾರೂ ಅನ್ನಲಿಲ್ಲ. ಕುರ್ಚಿ ಯಾವ ದಿಕ್ಕಿಗಿರಬೇಕು ಎಂಬುದರಲ್ಲೂ ಒಮ್ಮತ ಕಾಣದ ಸಭೆ, ಎರಡೂ ಕೈ ಎತ್ತಿ ನಿರ್ಣಯ ಅಂಗೀಕರಿಸಿತು.

"ನಾನಿದನ್ನ ಮೊದಲಿಂದ್ಲೂ ಹೇಳ್ತಾ ಇದ್ದೆ," ಎಂದರು ವಿಮರ್ಶಕರು, "ಸಂಘದ ಹಿತದೃಷ್ಟಿಯಿಂದ."

ಅಧ್ಯಕ್ಷರು ಉದಯೋನ್ಮುಖರಾಗಿ ಕುರ್ಚಿ ಇಳಿದರು, ಕಾದಂಬರಿ ಅಚ್ಚಿಗೆ ಹೋಯಿತು. ಸಂಘದ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ, ಉದಯೋನ್ಮುಖರನ್ನು ಪ್ರೋತ್ಸಾಹಿಸಬೇಕೆಂಬ ನಿಯಮಕ್ಕೆ ತಲೆಬಾಗಿ, ವಿಮರ್ಶಕರು ಮಾಜಿ ಅಧ್ಯಕ್ಷರ ಪದ್ಯವೊಂದನ್ನು "ಭರವಸೆಯ ಹೊಸ ದನಿ" ಎಂದು ಕೊಂಡಾಡಿದರು. ಮುದುಕರು ಅದನ್ನು ನಿಂತಲ್ಲೇ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ವರ್ಷ ಬರೆದೆ, ಡಾಕ್ಟ್ರೇ. ನನ್ ಮೇಲೆ ಒಬ್ಬರಾದ್ರೂ ಭರವಸೆ ಇಟ್ಟಿರ್ಲಿಲ್ಲ."

ಸುದ್ದಿ ಹಬ್ಬಿತು. ತಮ್ಮ ಪುಸ್ತಕಗಳನ್ನೂ ತಳ್ಳಿಹಾಕಬೇಕೆಂದು ಪ್ರಬುದ್ಧರು ಒಬ್ಬೊಬ್ಬರಾಗಿ ಕೋರಿಕೊಂಡರು. ಪ್ರತಿ ಸಲವೂ ಸಭೆ ಹೃತ್ಪೂರ್ವಕವಾಗಿ ಒಪ್ಪಿತು. ಕೊನೆಗೆ ವಿಮರ್ಶಕರ ಸರದಿ ಬಂದಾಗ ಚಪ್ಪಾಳೆಯೂ ಬಿತ್ತು.

ಬಿಡುಗಡೆಯ ದಿನ ಬಂತು. ವೇದಿಕೆ ಹತ್ತುವ ಅರ್ಹತೆ ಪ್ರಬುದ್ಧರಿಗೆ ಮಾತ್ರ. ಸಂಘದಲ್ಲಿ ಉಳಿದಿದ್ದ ಪ್ರಬುದ್ಧರು ಡಾಕ್ಟರರೊಬ್ಬರೇ. ಆದ್ದರಿಂದ ಅವರೇ ಅಧ್ಯಕ್ಷತೆ ವಹಿಸಿದರು, ಕಾದಂಬರಿಯನ್ನು ಬಿಡುಗಡೆ ಮಾಡಿದರು, ಮೊದಲ ಪ್ರತಿಯನ್ನು ತಮ್ಮ ಕೈಯಿಂದ ತಾವೇ ಸ್ವೀಕರಿಸಿದರು. ಕೃತಿ ಪರಿಚಯ ಮಾಡುತ್ತಾ, ಲೇಖಕರಿಗೆ ಇನ್ನಷ್ಟು ಸಂಯಮ ಬೇಕಿತ್ತೆಂದು ಖಾರವಾಗಿಯೇ ಹೇಳಿದರು. ಆಮೇಲೆ ಲೇಖಕರ ನೆಲೆಯಲ್ಲಿ ಮಾತನಾಡಿ ಆ ಆಕ್ಷೇಪವನ್ನು ತಳ್ಳಿಹಾಕಿದರು. ಕೆಳಗೆ ಕುಳಿತ ಉದಯೋನ್ಮುಖರು ಎರಡಕ್ಕೂ ತಲೆದೂಗಿದರು.

ಮನೆಗೆ ಹೋಗುವಾಗ ಅಕ್ಕ ತಮ್ಮನ ಹೆಗಲು ತಟ್ಟಿದಳು.

"ಆ ಕೃತಿ ಪರಿಚಯ ಮಾಡಿದವನಿಗೆ ಏನೂ ಗೊತ್ತಾಗಲ್ಲ ಬಿಡೋ. ಬರೆದವನು ಸರಿಯಾಗೇ ಉತ್ತರ ಕೊಟ್ಟ."