ಕರಿಬಸಮ್ಮನ ಗದ್ದಕ್ಕೆ ಬಂದ ಕಟ್ಟೆ

ಶಂಕರಲಿಂಗಪ್ಪ ಹೋದ ಸೋಮವಾರ ಬೆಳಿಗ್ಗೆ ಮಧುಗಿರಿಯಲ್ಲಿ ತೀರಿಕೊಂಡ. ಸಾವಿನ ಮನೆಗೆ ಬಂದವರು ಮೊದಲು ಅತ್ತರು. ಆಮೇಲೆ ನೀರು ಕುಡಿಯಲು ಅಡುಗೆಮನೆಗೆ ಹೋದವರು ನಗು ತಡೆಯಲಾಗದೆ ಬಾಯಿಗೆ ಸೆರಗು, ಟವೆಲು ಅಡ್ಡ ಹಿಡಿದುಕೊಂಡು ಹೊರಗೆ ಬಂದರು. ಅಲ್ಲಿನ ಒಲೆ ಕಟ್ಟೆ ನೋಡಿ ನಗದವರು ನಮ್ಮ ಬೀದಿಯಲ್ಲಿ ಹುಟ್ಟಿಲ್ಲ.

ಅದನ್ನು ಕಟ್ಟಿದ್ದು ಎಪ್ಪತ್ತೆಂಟನೇ ಇಸವಿಯ ಬೇಸಿಗೆ ರಜದಲ್ಲಿ. ಹೆಂಡತಿ ಕರಿಬಸಮ್ಮನಿಗೆ ಮಂಡಿನೋವು. ನೆಲದ ಮೇಲಿನ ಮಣ್ಣಿನ ಒಲೆಯ ಮುಂದೆ ಕೂತರೆ ಏಳಲು ಇಬ್ಬರು ಬೇಕು. ಆಕೆ ತೋವಿನಕೆರೆಯ ತವರಿಗೆ ಹೋದದ್ದೇ ತಡ, ಗಂಡ ಶಪಥ ಮಾಡಿದ: "ಮನುಷ್ಯ ಚಂದ್ರನ ಮೇಲೆ ನಿಂತಾಯ್ತು! ನನ್ನ ಹೆಂಡ್ತಿ ನಿಂತ್ಕೊಂಡು ಸಾರು ಕುದಿಸ್ಬಾರ್ದಾ? ಅವಳು ಬರೋ ಹೊತ್ಗೆ ಕಟ್ಟೆ, ಕಟ್ಟೆ ಮೇಲೆ ಪಂಪ್ ಸ್ಟೌ!"

"ಗಾರೆಯವರನ್ನ ಕರೀರಿ ಮೇಷ್ಟ್ರೇ," ಎಂದಳು ಪಕ್ಕದ ಮನೆಯ ಭೀಮಕ್ಕ.

"ಹೈಸ್ಕೂಲಲ್ಲಿ ರೇಖಾಗಣಿತ ಹೇಳೋನಿಗೆ ಗಾರೆಯವರು ಯಾಕಮ್ಮ?"

ಒಲೆಗೆ ಕೈಮುಗಿದು ಹಾರೆ ಎತ್ತಿದ. ಮೊದಲ ಏಟಿಗೆ ಒಲೆ ಅಲುಗಲಿಲ್ಲ, ಸೂರು ಅಲುಗಿತು. ಅಜ್ಜಿಯ ಕಾಲದಿಂದ ತೊಲೆಗೆ ಅಂಟಿದ್ದ ಮಸಿಯೆಲ್ಲ ಇಳಿದು ಅವನ ತಲೆಗೆ ಅಭಿಷೇಕವಾಯಿತು. ಕಣ್ಣು ಬಿಡಲಾಗದೆ ಕೊಟ್ಟ ಇನ್ನೊಂದು ಏಟು ಒಲೆ ದಾಟಿ ಗೋಡೆಗೆ ಬಿತ್ತು. ಗೋಡೆಯನ್ನೂ ದಾಟಿತು! ಆಚೆ ಭೀಮಕ್ಕ ಮುದ್ದೆ ತಿರುವುತ್ತಿದ್ದಳು. ಪಾತ್ರೆಗೆ ಮಣ್ಣು ಬಿತ್ತು. ತಲೆಯೆತ್ತಿದರೆ ತೂತಿನಲ್ಲಿ ಕರ್ರಗಿನ ಮುಖ, ಬೆಳ್ಳಗಿನ ಕಣ್ಣು.

"ಅಯ್ಯಯ್ಯಪ್ಪೋ, ದೆವ್ವ!"

"ನಾನು ಕಣಮ್ಮ, ಮೇಷ್ಟ್ರು!"

"ಮುದ್ದೆ ಬೇಕಿದ್ರೆ ಬಾಗ್ಲು ಆ ಕಡೆ ಐತೆ ಮೇಷ್ಟ್ರೇ! ಇಂಗೆ ಗೋಡೆ ಕಿತ್ಕೊಂಡು ಬರ್ಬೇಕಾ?"

ಕಟ್ಟೆಗೆಂದು ತಂದ ಸಿಮೆಂಟೆಲ್ಲ ಭೀಮಕ್ಕನ ಗೋಡೆಗೇ ಆಯಿತು. ಮತ್ತೆ ತಂದ. ಚಪ್ಪಡಿ ಕಲ್ಲು ಹೊರಲು ಬೀದಿಗೆ ಬೀದಿಯೇ ಬಂತು. ಎತ್ತರ ಎಷ್ಟಿರಬೇಕು? ಶಂಕರಲಿಂಗಪ್ಪ ಗೋಡೆಯ ಪಕ್ಕ ನಿಂತ, ಮೊಣಕೈ ಮಡಿಸಿದ, ಗಾಳಿಯಲ್ಲೇ ಸಾರು ತಿರುವಿ ನೋಡಿದ, ಇದ್ದಿಲಿನಲ್ಲಿ ಗೆರೆ ಎಳೆದ. "ಕರೆಕ್ಟ್!" ಕಲ್ಲು ಆ ಗೆರೆಗೇ ಕೂತಿತು. ಅವನೋ ಬಸ್ಸಿನಲ್ಲಿ ಕತ್ತು ಬಗ್ಗಿಸಿ ನಿಲ್ಲುವ ಆಸಾಮಿ!

ಕರಿಬಸಮ್ಮ ಊರಿಂದ ಬಂದಳು, ಕಟ್ಟೆಯ ಮುಂದೆ ನಿಂತಳು. ಸ್ಟೌ ಹಾಗಿರಲಿ, ಕಟ್ಟೆಯೇ ಅವಳ ಗದ್ದಕ್ಕೆ ಬಂತು.

"ಏನ್ರೀ, ಇದ್ರ ಮೇಲೆ ಸಾರು ಕುದಿಸ್ಬೇಕಾ, ಮೂತಿ ಸುಟ್ಕೋಬೇಕಾ?"

"ಮಣೆ ಹಾಕ್ಕೊಂಡು ನಿಂತ್ರೆ..."

"ಈ ಮಂಡೀಲಿ ಮಣೆ ಹತ್ಲಾ? ಯಾರ್ ಅಳತೆಗೆ ಕಟ್ಬುಟ್ರಿ ಇದ್ನ?"

ಶಂಕರಲಿಂಗಪ್ಪ ಇದ್ದಿಲ ಗೆರೆಗೆ ತನ್ನ ಮೊಣಕೈ ತಾಗಿಸಿ ತೋರಿಸಿದ.

"ಅಂಗಾದ್ರೆ ಅವ್ರೇ ನಿಂತ್ಕೊಂಡು ಬೇಯಿಸ್ಲಿ!" ಎಂದು ಆಕೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು.

ಕಲ್ಲು ಕೀಳೋಣವೆಂದು ಅವನು ಹಾರೆ ಮುಟ್ಟಿದಾಗಲೆಲ್ಲ ಗೋಡೆಯಾಚೆಯಿಂದ ಭೀಮಕ್ಕ ಕೂಗುತ್ತಿದ್ದಳು: "ವಸಿ ತಡೀರಿ ಮೇಷ್ಟ್ರೇ, ಮುದ್ದೆ ಇಳಿಸ್ಬುಡ್ತೀನಿ!"

ಹಾರೆ ಮೂಲೆ ಸೇರಿತು. ಶಂಕರಲಿಂಗಪ್ಪ ಸೌಟು ಹಿಡಿದ. ಅಂದಿನಿಂದ ಆ ಮನೆಯಲ್ಲಿ ಅಡುಗೆ ಅವನದು, ಅಪ್ಪಣೆ ಅವಳದು. ಮಂಡಿಗೂ ಆರಾಮಾಯಿತು.

ಹೋದ ಸೋಮವಾರ ಅವನು ಉಪ್ಪಿಟ್ಟು ಮಾಡಿದ. ಕರಿಬಸಮ್ಮ ಕುರ್ಚಿಯಲ್ಲೇ ಕೂತು ಒಂದು ತುತ್ತು ತಿಂದು, "ಇವತ್ತೂ ಸಪ್ಪೆ ಕಣ್ರೀ," ಎಂದಳು. ಅವನು ನಕ್ಕ. ಯಾಕೋ ಸುಸ್ತು, ಒಂದು ಗಳಿಗೆ ಮಲಗುತ್ತೇನೆ ಎಂದ. ಹೋಗುವ ಮುಂಚೆ ಮೇಲಿನ ಗೂಡಿನಿಂದ ಉಪ್ಪಿನ ಜಾಡಿ ಇಳಿಸಿ, ಅವಳ ಕೈಗೆ ಎಟುಕುವ ಹಾಗೆ ಕುರ್ಚಿಯ ಪಕ್ಕ ಇಟ್ಟ.