ಎರಡು ಕಾಫಿಯ ಸಂಸಾರ

ಇಪ್ಪತ್ನಾಲ್ಕು ವರ್ಷದಲ್ಲಿ ನಾನು ಯಾರ ಹತ್ತಿರವೂ ಕೈಚಾಚಿದವನಲ್ಲ. ಬ್ಯಾಂಕಿನಲ್ಲಿ ಎದೆಯುಬ್ಬಿಸಿ ಇದನ್ನು ಹೇಳಿದ್ದೇ ತಪ್ಪಾಯಿತು. ಸ್ಕೂಟರ್ ಸಾಲ ಕೇಳಲು ಹೋಗಿದ್ದೆ. ಸಾಲ ತೀರಿಸಿದವರಿಗೆ ಮಾತ್ರ ಕ್ರೆಡಿಟ್ ಸ್ಕೋರ್ ಇರುತ್ತದಂತೆ, ಸ್ಕೋರ್ ಇದ್ದವರಿಗೆ ಮಾತ್ರ ಸಾಲ ಸಿಗುತ್ತದಂತೆ. ಮ್ಯಾನೇಜರು ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ, "ನಿಮ್ಮ ಬಗ್ಗೆ ಎಲ್ಲೂ ಏನೂ ಇಲ್ವಲ್ರೀ" ಎಂದರು.

ಆ ಮಾತಿಗೆ ಮನಸ್ಸು ಚುರುಕ್ಕೆಂದಿತು. ಈ ಊರಿಗೆ ಬಂದು ವರ್ಷವಾಯಿತು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಮೂಗಿನ ಮೇಲೆ ಫ್ರೇಮು ಕೂರಿಸುತ್ತೇನೆ. ಅವರಲ್ಲಿ ಒಬ್ಬರೂ ರಸ್ತೆಯಲ್ಲಿ ನನ್ನ ಗುರುತು ಹಿಡಿಯುವುದಿಲ್ಲ (ಕನ್ನಡಕ ಕಳಚಿಟ್ಟಾಗ ನೋಡಿರುತ್ತಾರೆ, ಪಾಪ, ಅವರದೇನು ತಪ್ಪು).

ಕಾಪಾಡಿದವಳು ನನ್ನನ್ನು ಸಾಕಿದ ಚಿಕ್ಕಮ್ಮ. ತನ್ನ ಕ್ರೆಡಿಟ್ ಕಾರ್ಡಿನ ಜೊತೆಗೆ ನನ್ನ ಹೆಸರಿನಲ್ಲೂ ಒಂದು ಮಾಡಿಸಿಕೊಟ್ಟಳು. ನಾನು ಖರ್ಚು ಮಾಡಿ, ತಿಂಗಳು ತಿಂಗಳು ತಪ್ಪದೆ ಕಟ್ಟಿದರೆ ನನಗೂ ಸ್ಕೋರ್ ಹುಟ್ಟುತ್ತದೆ ಎಂಬುದು ಏರ್ಪಾಡು. ಆದರೆ ಕಾರ್ಡಿನ ಯಜಮಾನಿ ಅವಳು. ನಾನು ಏನು ಕೊಂಡರೂ ಮೆಸೇಜು ಹೋಗುವುದು ಅವಳ ಫೋನಿಗೆ. ಅಂಗಡಿಯ ಹೆಸರು, ಮೊತ್ತ ಎರಡನ್ನೂ ನೋಡಿ ಅವಳ ಪತ್ತೇದಾರಿಕೆ ಶುರು. ನಾನು ಹೋಟೆಲಿನ ಮೆಟ್ಟಿಲಿಳಿಯುವುದರೊಳಗೆ ಫೋನು.

"ಒಂದೇ ಕಾಫಿನಾ? ಒಬ್ನೇ ಕೂತ್ಕೊಂಡು ಕುಡಿದ್ಯಾ?"

ಸಿನಿಮಾಕ್ಕೆ ಒಂದೇ ಟಿಕೆಟ್ ಕೊಂಡರಂತೂ ಅವಳು ಅಳುವುದೊಂದು ಬಾಕಿ. ಒಂಟಿತನ ನನ್ನನ್ನು ಅಷ್ಟೇನೂ ಕಾಡುತ್ತಿರಲಿಲ್ಲ; ದಿನಕ್ಕೆ ಮೂರು ಸಲ ಯಾರಾದರೂ ನೆನಪಿಸಿದರೆ ಯಾರನ್ನಾದರೂ ಕಾಡುತ್ತದೆ.

ಆಗ ಹೊಳೆಯಿತು ಆ ಮಹಾಯೋಜನೆ. ಎರಡು ಕಾಫಿ ತರಿಸಿ, ಎರಡನ್ನೂ ನಾನೇ ಕುಡಿದೆ. ಯಾರೋ ಜೊತೆಗಿದ್ದರಲ್ಲವಾ ಎಂದು ಚಿಕ್ಕಮ್ಮ ಹಿಗ್ಗಿ ಕೇಳಿದಳು. ಹೂಂ ಅಂದುಬಿಟ್ಟೆ. ಹುಡುಗಿಯಾ ಎಂದಳು. ಅದಕ್ಕೂ ಹೂಂ. ಅಲ್ಲಿಂದ ಎಲ್ಲವೂ ಎರಡೆರಡು: ಸೂಪು, ಕೇಕು, ಸಿನಿಮಾ ಟಿಕೆಟ್ (ಪಕ್ಕದ ಸೀಟಿನಲ್ಲಿ ನನ್ನ ಚೀಲ ಕೂತು ಸಿನಿಮಾ ನೋಡಿತು). ಶರ್ಟಿನ ಗುಂಡಿ ಹಾಕಲಾಗದಷ್ಟು ದಪ್ಪಗಾದೆ. ಚಿಕ್ಕಮ್ಮ ಹುಡುಗಿಯ ಹೆಸರನ್ನೂ ಕೇಳಲಿಲ್ಲ, ನಿನಗೆ ಹೇಳಬೇಕೆನಿಸಿದಾಗ ಹೇಳು ಎಂದಳು. ಫೋನು ದಿನಕ್ಕೊಂದಾಯಿತು, ಆಮೇಲೆ ವಾರಕ್ಕೊಂದು, ಕೊನೆಗೆ ನಿಂತೇ ಹೋಯಿತು.

ಮೊದಮೊದಲು ಅಬ್ಬ ಎನಿಸಿತು. ಆಮೇಲೆ ನೋಡಿದರೆ, ಇಡೀ ದಿನ ನಾನು ಆಡುತ್ತಿದ್ದದ್ದು "ಕಿವಿ ಹಿಂದೆ ಒತ್ತುತ್ತಾ?" ಎಂಬ ಒಂದೇ ಮಾತು. ಊಟ ಆಯ್ತಾ ಎಂದು ನನ್ನನ್ನು ಕೇಳುತ್ತಿದ್ದವಳು ಅವಳೊಬ್ಬಳೇ.

ಮತ್ತೊಂದು ವರ್ಷ ತುಂಬಿತು. ಮ್ಯಾನೇಜರು ಕೈಕುಲುಕಿ, ಇಂಥ ನಂಬಿಕಸ್ಥ ಗಿರಾಕಿ ಅಪರೂಪ ಎಂದರು. ಸಾಲ ಸಿಕ್ಕಿತು, ಸ್ಕೂಟರೂ ಬಂತು. ತೋರಿಸಲು ಯಾರೂ ಇಲ್ಲ. ನಂಬಿಕಸ್ಥನಿಗೆ ಸುಳ್ಳು ಸಾಕೆನಿಸಿ, ಸ್ಕೂಟರಿನ ಮೇಲೆ ಕೂತೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಯಾರೂ ಇಲ್ಲ ಚಿಕ್ಕಮ್ಮ. ಯಾವತ್ತೂ ಇರ್ಲಿಲ್ಲ. ಎರಡು ಕಾಫಿನೂ ನಾನೇ ಕುಡೀತಿದ್ದೆ."

ಆ ಕಡೆ ದೊಡ್ಡ ನಿಟ್ಟುಸಿರು. "ಜಗಳ ಆಡ್ಕೊಂಡ್ಯಾ? ಕೋಪದಲ್ಲಿ ಇರಲೇ ಇಲ್ಲ ಅಂತೆಲ್ಲ ಅನ್ಬಾರ್ದಪ್ಪ."

ಆಣೆ ಮಾಡಿದೆ, ನಂಬಲಿಲ್ಲ. ಮೆಸೇಜುಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದಾಳಂತೆ; ಬ್ಯಾಂಕಿನವರು ಸುಳ್ಳು ಹೇಳುತ್ತಾರಾ ಎಂದಳು. ಹಾಗಾದರೆ ನೀನು ಫೋನ್ ಮಾಡುವುದನ್ನು ಯಾಕೆ ಬಿಟ್ಟೆ ಎಂದು ಕೇಳಿದೆ.

"ಮಗನಿಗೆ ದಿನಕ್ಕೆ ಮೂರು ಸಲ ಫೋನ್ ಮಾಡೋ ಅತ್ತೆ ಕೈಲಿ ನಾನೆಷ್ಟು ಅನುಭವಿಸಿದೀನಿ ಅಂತ ನನಗೊಬ್ಬಳಿಗೇ ಗೊತ್ತು. ಆ ಹುಡುಗಿಗೆ ಅದು ಬೇಡ ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಸುಮ್ನಿದೀನಿ ಕಣೋ. ಮೊದ್ಲು ಹೋಗಿ ಅವಳ ಹತ್ರ ರಾಜಿ ಮಾಡ್ಕೋ. ನಾವು ಆಮೇಲೆ ಮಾತಾಡೋಣ."

ಫೋನು ಇಟ್ಟೇಬಿಟ್ಟಳು. ಈಗ ನಾನು ಎಲ್ಲಿಂದಲಾದರೂ ಒಬ್ಬ ಹುಡುಗಿಯನ್ನು ಹುಡುಕಬೇಕು, ಅವಳನ್ನು ಒಪ್ಪಿಸಬೇಕು, ಅವಳ ಜೊತೆ ಜಗಳವಾಡಬೇಕು, ಆಮೇಲೆ ರಾಜಿಯಾಗಬೇಕು. ಅಷ್ಟೆಲ್ಲ ಆದ ಮೇಲೆ ಚಿಕ್ಕಮ್ಮ ನನ್ನ ಜೊತೆ ಮಾತಾಡುತ್ತಾಳೆ.