ಜಯದೇವಪ್ಪನವರ ತೆಂಗಿನ ದ್ವೀಪ

ಕೊಂಡ ಮಾಲನ್ನು ವಾಪಸ್ ಮಾಡುವ ವಿದ್ಯೆಯಲ್ಲಿ ಅರಸೀಕೆರೆಯ ಕೊಬ್ಬರಿ ಮಂಡಿ ಜಯದೇವಪ್ಪನವರಿಗೆ ಸರಿಸಾಟಿಯಾದವರು ತಿಪಟೂರಿನವರೆಗೆ ಹುಡುಕಿದರೂ ಇರಲಿಲ್ಲ. ತಿಪಟೂರಿನಾಚೆ ಅವರು ವಿಚಾರಿಸಿರಲಿಲ್ಲ, ಅಷ್ಟೇ! ಉಟ್ಟು ಒಗೆದ ಪಂಚೆಯನ್ನು ವಾಪಸ್ ಮಾಡಿದವರು ಅವರು. ಅರ್ಧ ಕೊಯ್ದ ಹಲಸಿನ ಹಣ್ಣನ್ನು ವಾಪಸ್ ಮಾಡಿದವರು ಅವರು. ಸರಿಯಾಗಿಯೇ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು, ಟಿಕ್ ಟಿಕ್ ಸದ್ದು ಮಧ್ಯಾಹ್ನದ ನಿದ್ದೆಗೆ ತೊಂದರೆ ಕೊಡುತ್ತದೆಂದು ವಾಪಸ್ ಮಾಡಿ, ಅಂಗಡಿಯವನ ಕೈಯಲ್ಲೇ ಕಾಫಿ ತರಿಸಿಕೊಂಡು ಕುಡಿದು ಬಂದವರೂ ಅವರೇ!

ಹಾಗಾಗಿ ಅವರ ಮನೆಯಲ್ಲಿ ಒಂದು ಕಾಯ್ದೆಯಿತ್ತು. ಏನು ತಂದರೂ ಅವರು ಒಪ್ಪುವ ತನಕ ಅದರ ಹೊದಿಕೆ ಬಿಚ್ಚುವಂತಿಲ್ಲ. ಸೋಫಾಕ್ಕೆ ಅಂಗಡಿಯ ಪ್ಲಾಸ್ಟಿಕ್ಕು ಹಾಗೇ ಇತ್ತು. ಬೇಸಿಗೆಯಲ್ಲಿ ಬಂದ ನೆಂಟರು ಅದಕ್ಕೆ ಅಂಟಿಕೊಂಡು, ಏಳುವಾಗ 'ಪರ್' ಎಂದು ಸದ್ದಾಗಿ, ನಾಚಿಕೊಂಡು ಮತ್ತೆ ಕೂರುತ್ತಿದ್ದರು. ಬಾಣಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವರ ಹೆಂಡತಿ ಮಂಜುಶ್ರೀ ಮದುವೆಯಾದಂದಿನಿಂದ ಆಸೆಪಟ್ಟು ತಂದ ಸಾಮಾನುಗಳಲ್ಲಿ ಅರ್ಧ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿದ್ದವು. ಈಗ ಆಕೆ ಹಾಸನದಿಂದ ಬೆತ್ತದ ಉಯ್ಯಾಲೆಯೊಂದನ್ನು ತರಿಸಿದ್ದರು. ಅದು ನಡುಮನೆಯ ಮೂಲೆಯಲ್ಲಿ ಮೈತುಂಬ ರಟ್ಟು ಸುತ್ತಿಕೊಂಡು ತೀರ್ಪಿಗೆ ಕಾಯುತ್ತಿತ್ತು. ಸ್ಕೂಲಿನಿಂದ ಬಂದಾಗಲೆಲ್ಲ ಮಂಜುಶ್ರೀ ರಟ್ಟಿನ ಮೇಲೆಯೇ ಒಮ್ಮೆ ಕೈಯಾಡಿಸಿ ಒಳಗೆ ಹೋಗುತ್ತಿದ್ದರು. ಆಕೆಗೆ ಅದು ನಿಜವಾಗಿ ಬೇಕಿತ್ತು. ಜಯದೇವಪ್ಪನವರು ಮಾತ್ರ, ಬೆತ್ತ ತೆಳುವಾಗಿದೆ, ಸೋಮವಾರ ವಾಪಸ್, ಎಂದು ಸಾರಿಬಿಟ್ಟಿದ್ದರು.

ಅಷ್ಟರಲ್ಲಿ ಶನಿವಾರ ಬಂತು. ಮಂಜುಶ್ರೀಯ ತಮ್ಮ ತಿಮ್ಮೇಶ್ ಹಳೇಬೀಡಿನಿಂದ ಬಂದಿದ್ದ. ಅವನ ಮಾತು ಕೇಳಿ ಆಕೆ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೊ ಗೇಮು ಕೊಂಡಿದ್ದರು. ಒಂದು ದ್ವೀಪ, ಒಂದು ಗುಡಿಸಲು, ಸುತ್ತ ಪಾಳುಭೂಮಿ. ಅದರಲ್ಲಿ ತೆಂಗು ಬೆಳೆದು ಸಂತೆಯಲ್ಲಿ ಮಾರಬೇಕು, ಇದು ಆಟ. ಆದರೆ ಲ್ಯಾಪ್‌ಟಾಪು ಹಳೆಯದು, ಆಟ ನಿಂತು ನಿಂತು ಓಡುತ್ತಿತ್ತು. ವಾಪಸ್ ಮಾಡೋಣವೆಂದು ಅಕ್ಕ, ತಮ್ಮ ಮಾತಾಡಿಕೊಳ್ಳುತ್ತಿದ್ದರು. 'ವಾಪಸ್' ಎಂಬ ಶಬ್ದ ಕಿವಿಗೆ ಬಿದ್ದದ್ದೇ ಜಯದೇವಪ್ಪನವರು ಬಚ್ಚಲುಮನೆಯಿಂದ ಮುಖಕ್ಕೆ ಸೋಪು ಹಚ್ಚಿಕೊಂಡೇ ಹೊರಗೆ ಬಂದರು.

ತಿಮ್ಮೇಶ್ ನಿಯಮ ಬಿಡಿಸಿ ಹೇಳಿದ. ಇಂಟರ್‌ನೆಟ್ಟಿನಲ್ಲಿ ಕೊಂಡ ಆಟಕ್ಕೆ ಡಬ್ಬಿಯಿಲ್ಲ, ರಟ್ಟಿಲ್ಲ, ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವಂತಿಲ್ಲ. ಕೊಂಡು ಎರಡು ವಾರ ದಾಟಿರಬಾರದು, ಆಡಿದ್ದು ಎರಡು ಗಂಟೆ ಮೀರಿರಬಾರದು. ಈ ಎರಡೂ ಸರಿಯಿದ್ದರೆ ಯಾಕೆ ಏನು ಎಂದು ಕೇಳದೆ ದುಡ್ಡು ಕೊಡುತ್ತಾರೆ. ಅಕ್ಕ ಆಡಿದ್ದು ಹತ್ತೇ ನಿಮಿಷ, ಈಗಲೇ ಒಂದು ಬಟನ್ ಒತ್ತಿದರೆ ಮುಗಿಯಿತು.

ಬಟನ್ ಒತ್ತಿದರೆ ಮುಗಿಯಿತೇ! ಜಯದೇವಪ್ಪನವರಿಗೆ ಅವಮಾನವಾಯಿತು. ಮಂಡಿಯಲ್ಲಿ ಮಾಲು ತಿರಸ್ಕರಿಸುವುದಕ್ಕೆ ಒಂದು ಮರ್ಯಾದೆ ಇದೆ. ಮೂಟೆಯನ್ನು ಪೂರ್ತಿ ಸುರಿಯಬೇಕು, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಕೆಟ್ಟದ್ದನ್ನು ಬೇರೆ ಗುಡ್ಡೆ ಹಾಕಿ ತಂದವನ ಮುಖಕ್ಕೆ ತೋರಿಸಬೇಕು. ಮೇಲಿನ ಎರಡು ಕಾಯಿ ನೋಡಿ 'ಬೇಡ' ಅನ್ನುವವನನ್ನು ಮಂಡಿಯಲ್ಲಿ ಯಾರೂ ಕೂರು ಅನ್ನುವುದಿಲ್ಲ.

"ಮೂಟೆ ಸುರೀದೆ ವಾಪಸ್ ಮಾಡಾದು ನಮ್ ವಂಶದಲ್ಲೇ ಇಲ್ಲ ಕಣೇ," ಎಂದರು. "ನಾಳೆ ಭಾನುವಾರ. ನಾನೇ ಕೂತು ನೋಡ್ತೀನಿ. ಹುಳುಕು ಎಲ್ಲೆಲ್ಲೈತೆ ಅಂತ ತೋರ್ಸೇ ವಾಪಸ್ ಮಾಡ್ತೀನಿ."

"ಭಾವ, ಇದು ಕೊಬ್ಬರಿ ಅಲ್ಲ. ನೀವು ತೆಗೆದು ಕೂತ್ರೆ ಅಲ್ಲಿ ಟೈಮ್ ಓಡ್ತಾ ಇರ್ತದೆ."

"ಓಡ್ಲಿ ಬಿಡೋ. ನಾನೇನು ಆಟ ಆಡ್ತೀನಾ? ತಪಾಸಣೆ ಮಾಡ್ತೀನಿ."

ಮಂಜುಶ್ರೀ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕೈಯಿಟ್ಟು, ನಿಧಾನವಾಗಿ ಕೇಳಿದರು. "ವಾಪಸ್ ಆಗ್ಲಿಲ್ಲ ಅಂದ್ರೆ?"

"ಆಗ್ಲಿಲ್ಲ ಅಂದ್ರೆ ಈ ಮನೇಲಿ ನಾನು ವಾಪಸ್ ಅನ್ನೋ ಮಾತನ್ನೇ ಎತ್ತಲ್ಲ. ನಿನ್ ಉಯ್ಯಾಲೆನೂ ಬಿಚ್ಕೊಂಡು ತೂಗಾಡ್ಕೋ!"

"ತಿಮ್ಮೇಶ, ಕೇಳಿಸ್ಕೊಂಡ್ಯಲ್ಲಪ್ಪ?"

"ಕೇಳಿಸ್ಕೊಂಡೆ ಅಕ್ಕ."

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಜಯದೇವಪ್ಪನವರು ದ್ವೀಪಕ್ಕೆ ಇಳಿದರು. ಇಳಿದ ಕೂಡಲೇ ಹುಳುಕು ಸಿಕ್ಕತೊಡಗಿತು. ನೆಟ್ಟ ತೆಂಗಿನ ಸಸಿ ನಾಲ್ಕೇ ದಿನಕ್ಕೆ ಕಾಯಿ ಬಿಟ್ಟಿತು. ನುಸಿರೋಗ ಇಲ್ಲ. ಮರ ಹತ್ತುವವನು ಕರೆದ ತಕ್ಷಣ ಬಂದ. ಮಗಳ ಮದುವೆ, ಕಾಲುನೋವು ಯಾವುದನ್ನೂ ಹೇಳಲಿಲ್ಲ. ಸಂತೆಯಲ್ಲಿದ್ದ ವ್ಯಾಪಾರಿಯಂತೂ ಕಾಯಿಯನ್ನು ಅಲ್ಲಾಡಿಸದೆ, ಮುಖ ಗಂಟಿಕ್ಕದೆ, ಎದ್ದು ಹೋಗುವ ನಾಟಕ ಆಡದೆ ಹೇಳಿದ ರೇಟು ಕೊಟ್ಟುಬಿಟ್ಟ!

ಇವನು ದಿವಾಳಿ ಏಳುವುದು ಖಂಡಿತ ಎಂದು ಜಯದೇವಪ್ಪನವರಿಗೆ ಅನ್ನಿಸಿತು. ಏಳುತ್ತಾನೋ ಇಲ್ಲವೋ ನೋಡದೆ ದೂರು ಬರೆಯುವುದು ನ್ಯಾಯವಲ್ಲ. ನೋಡಬೇಕಾದರೆ ಅವನಿಗೆ ಇನ್ನಷ್ಟು ಕಾಯಿ ಹಾಕಬೇಕು. ಕಾಯಿಗೆ ಇನ್ನಷ್ಟು ಮರ ಬೇಕು, ಮರಕ್ಕೆ ಬಾವಿ ಬೇಕು, ಬಾವಿ ತೋಡಿದ ಮೇಲೆ ಎತ್ತಿನ ಗಾಡಿ ಬೇಕು. ಗಾಡಿ ಕೊಂಡ ಮೇಲೆ ಸುಮ್ಮನೆ ನಿಲ್ಲಿಸಿಕೊಂಡರೆ ನೋಡಿದವರು ಏನಂದಾರು? ತಪಾಸಣೆ ಬೆಳೆಯುತ್ತಾ ಹೋಯಿತು.

ಊಟಕ್ಕೆ ಕರೆದಾಗ ಆಟವನ್ನು ತೆರೆದೇ ಬಿಟ್ಟು ಎದ್ದರು. ಕೊಬ್ಬರಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಮರೆತುಬಿಡುವುದು ಅವರ ಕಸುಬು. ಬಿಟ್ಟಷ್ಟೂ ಮಾಲು ಒಣಗುತ್ತದೆ ಎಂಬುದು ರಕ್ತಕ್ಕೆ ಇಳಿದ ನಂಬಿಕೆ. ಮುದ್ದೆ, ಹುರುಳಿಕಾಳು ಸಾರು ಹೊಡೆದು, ಒಂದು ನಿದ್ದೆ ತೆಗೆದು, ಮತ್ತೆ ಬಂದು ಕೂತರು. ಮಂಜುಶ್ರೀ ಒಂದು ಸಲ ಬಾಗಿಲಲ್ಲಿ ನಿಂತು, ಎಷ್ಟು ಹೊತ್ತಾಯಿತು ಗೊತ್ತೇ ಎಂದು ಎಚ್ಚರಿಸಿದರು. ಗಾಡಿ ಇಳಿಜಾರಿನಲ್ಲಿದೆ, ಈಗ ಮಾತಾಡಿಸಬೇಡ ಎಂದರು ಇವರು. ಆಕೆ ಧರ್ಮಕ್ಕೆ ಒಂದು ಮಾತು ಹೇಳಿದ್ದಾಗಿತ್ತು. ಆಮೇಲೆ ಕಾಫಿಯನ್ನಷ್ಟೇ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದರು, ಅದೂ ಕೇಳುವ ಮೊದಲೇ.

ದೀಪ ಹಚ್ಚುವ ಹೊತ್ತಿಗೆ ದ್ವೀಪದಲ್ಲಿ ಬರಿ ನೆಲವೇ ಉಳಿದಿರಲಿಲ್ಲ. ಜಯದೇವಪ್ಪನವರು ಬೆನ್ನು ನೆಟ್ಟಗೆ ಮಾಡಿ, ಹೆಂಡತಿಯನ್ನು ಕೂರಿಸಿಕೊಂಡು ದೂರು ಹೇಳಿ ಬರೆಸಿದರು. ಆಕೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿದರು. ನುಸಿರೋಗ ಇಲ್ಲದ್ದು, ವ್ಯಾಪಾರಿಯ ಪೆದ್ದುತನ, ಎತ್ತಿಗೆ ಲಾಳ ಹೊಡೆಸದಿದ್ದದ್ದು, ಒಂದೂ ಬಿಡಲಿಲ್ಲ. ಇಷ್ಟು ಭಾರವಾದ ದೂರು ಆ ಕಂಪನಿಗೆ ಹುಟ್ಟಿದಾಗಿನಿಂದ ಬಂದಿರಲಾರದು ಎಂದು ಅವರಿಗೆ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ಮಂಡಿಗೆ ಹೊರಡುವ ಹೊತ್ತಿಗೆ ಉತ್ತರ ಬಂದಿತ್ತು. ಮಂಜುಶ್ರೀ ಕನ್ನಡದಲ್ಲಿ ಓದಿ ಹೇಳಿದರು. "ಮಾನ್ಯರೇ, ತಾವು ನಮ್ಮ ಆಟದಲ್ಲಿ ಒಂಬತ್ತು ಗಂಟೆ ಕಳೆದಿದ್ದೀರಿ. ಇಡೀ ದ್ವೀಪವನ್ನು ತೋಟ ಮಾಡಿದ್ದೀರಿ. ಸಂತೆಯ ಅಧ್ಯಕ್ಷರಾಗಿ ಆಯ್ಕೆಯಾಗಿದ್ದೀರಿ..."

ಜಯದೇವಪ್ಪನವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು. ಅಧ್ಯಕ್ಷರು! ಮಂಡಿಯ ಚುನಾವಣೆಯಲ್ಲಿ ಎರಡು ಸಲ ನಿಂತು ಸೋತವರು, ದ್ವೀಪದಲ್ಲಿ ನಿಲ್ಲದೆಯೇ ಗೆದ್ದಿದ್ದರು. ಆ ಸಾಲನ್ನು ಇನ್ನೊಂದು ಸಲ ಓದಿಸಿದರು. ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

"ಮುಂದಕ್ಕೆ ಓದೇ."

"'ಆದ್ದರಿಂದ ಹಣ ಹಿಂದಿರುಗಿಸಲು ಸಾಧ್ಯವಿಲ್ಲ.'"

"ಆಡಿಲ್ಲ ಕಣೇ ನಾನು. ಪರೀಕ್ಷೆ ಮಾಡಿದ್ದು."

"ನೀವು ಮಲಗಿದ್ದನ್ನೂ ಸೇರ್ಸೇ ಲೆಕ್ಕ ಹಾಕಿದಾರೆ. ಅವರಿಗೆ ತೆರೆದಿದ್ರೆ ಆಡ್ದಂಗೇ ಕಣ್ರೀ."

ಆಮೇಲೆ ನಡುಮನೆಯಲ್ಲಿ ಎದ್ದ ಸದ್ದನ್ನು ಜಯದೇವಪ್ಪನವರು ಆ ಮನೆಯಲ್ಲಿ ಹಿಂದೆಂದೂ ಕೇಳಿರಲಿಲ್ಲ. ಮಂಜುಶ್ರೀ ಎರಡೂ ಕೈಯಿಂದ ರಟ್ಟು ಹರಿಯುತ್ತಿದ್ದರು. ಉಯ್ಯಾಲೆಯದ್ದು ಮುಗಿದ ಮೇಲೆ ಅದೇ ಹುಮ್ಮಸ್ಸಿನಲ್ಲಿ ಸೋಫಾದ ಪ್ಲಾಸ್ಟಿಕ್ಕಿಗೂ ಕೈಹಾಕಿದರು. ಜಯದೇವಪ್ಪನವರು ತಡೆಯಲೆಂದು ಎರಡು ಹೆಜ್ಜೆ ಮುಂದಿಟ್ಟರು. ಆದರೆ ಮಂಡಿಯವರಿಗೆ ಮಾತು ಅಂದರೆ ಮಾತು. ಉಯ್ಯಾಲೆಗೆ ಸರಪಳಿ ಬಿಗಿಯಲು ಸ್ಟೂಲು ತಂದು ಹತ್ತಿದವರೂ ಅವರೇ, ಬೆತ್ತ ಪರವಾಗಿಲ್ಲ ಗಟ್ಟಿಯಾಗಿದೆ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡವರೂ ಅವರೇ.

ದಿನವಿಡೀ ಮಂಡಿಯಲ್ಲಿ ಅವರಿಗೆ ಕೆಲಸದ ಮೇಲೆ ಮನಸ್ಸಿರಲಿಲ್ಲ. ಸಂಜೆ ಬೇಗ ಮನೆಗೆ ಬಂದರು. ಮಂಜುಶ್ರೀ ಉಯ್ಯಾಲೆಯಲ್ಲಿ ಕಾಲು ಮಡಚಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಮೆಲ್ಲಗೆ ತೂಗುತ್ತಿದ್ದರು. ಜಯದೇವಪ್ಪನವರು ಆ ಕಡೆ ನಡೆದರು, ಈ ಕಡೆ ನಡೆದರು, ಕೆಮ್ಮಿದರು. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದರು.

"ಅಲ್ಲಿ ಕಾಯಿ ಬಲ್ತಿರ್ಬೇಕು. ಒಂದ್ ಗಳಿಗೆ ಕೊಡ್ತೀಯಾ?"

"ಕಾಯಿ ಏನು, ಮರಗಳನ್ನೇ ಕಡಿಸಿ ಮಾರ್‌ಬಿಟ್ಟೆ ಕಣ್ರೀ. ಆ ವ್ಯಾಪಾರಿ ಪಾಪ ಕೇಳ್ದ, ಅವನು ಹೇಳಿದ್ ರೇಟಿಗೇ ಕೊಟ್ಟೆ. ಈಗ ದ್ವೀಪದ ತುಂಬ ಸೇವಂತಿಗೆ ಹಾಕಿದೀನಿ, ನೋಡಿ."

ಜಯದೇವಪ್ಪನವರ ಬಾಯಿ ತೆರೆಯಿತು. ಅವರ ಜನ್ಮಕ್ಕೆಲ್ಲ ಆಧಾರವಾಗಿದ್ದ ಆ ಒಂದೇ ಒಂದು ಶಬ್ದ ನಾಲಿಗೆಯ ತುದಿಗೆ ಬಂದು ನಿಂತಿತು. ಮಂಜುಶ್ರೀ ಕಾಲು ನೆಲಕ್ಕೂರಿ ಉಯ್ಯಾಲೆ ನಿಲ್ಲಿಸಿ, ಅವರ ಬಾಯನ್ನೇ ನೋಡಿದರು.

"ಏನೋ ಅನ್ನೋಕ್ ಬಂದ್ರಿ?"

"ಏನಿಲ್ಲ," ಎಂದರು ಅಧ್ಯಕ್ಷರು. "ಹೂವು ಚೆನ್ನಾಗೈತೆ ಅಂದೆ."